ಹೊರದೇಶದ ಸೈಟಿಗೆ ಹಾರ್ಡ್‌ಶಿಪ್ ಭತ್ಯೆ: ಪರ್ಸೆಂಟೋ, ದಿನಕ್ಕಿಷ್ಟೋ?

ವಾಡಿ ಜಂಕ್ಷನ್:
ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿಯ ಒಂದು ಮೇಂಟೆನನ್ಸ್ ಕಾಂಟ್ರಾಕ್ಟ್ ಸಂಸ್ಥೆಗೆ ಹೊರದೇಶದ ಪೋಸ್ಟಿಂಗ್ ಪಾಲಿಸಿ ಬರೀಬೇಕಾಗ್ಯದ. ಸೈಟು ನೈಜೀರಿಯಾದ ಒಳನಾಡಿನ ಸಿಮೆಂಟ್ ಪ್ಲಾಂಟು, 18 ತಿಂಗಳು, 14 ಮಂದಿ. ಒಬ್ಬ ಸೈಟ್ ಮ್ಯಾನೇಜರ್ (ಬೇಸಿಕ್ 1,20,000), ಇಬ್ಬರು ಸೂಪರ್‌ವೈಸರ್ (60,000), 8 ಮಂದಿ ಫಿಟ್ಟರ್-ವೆಲ್ಡರ್ (32,000), ಕಿಲ್ನ್ (ಸಿಮೆಂಟ್ ಸುಡೋ ಭಟ್ಟಿ) ಒಳಗ ಇಟ್ಟಿಗಿ ಕಟ್ಟೋ ಮೇಸ್ತ್ರಿಗಳು 3 ಮಂದಿ (28,000). ಫ್ಯಾಮಿಲಿ ಒಯ್ಯಂಗಿಲ್ಲ, ಎಲ್ಲರೂ ಒಂದೇ ಕ್ಯಾಂಪಿನಾಗ ಇರೋದು. ಮ್ಯಾಲಿನವರು ಹೇಳೋದು, ಹಾರ್ಡ್‌ಶಿಪ್ ಭತ್ಯೆ (ಕಷ್ಟದ ಜಾಗದಾಗ ಇರೋದಕ್ಕ ಕೊಡೋ ರೊಕ್ಕ) ಅಂತ ಎಲ್ಲರಿಗೂ ಬೇಸಿಕ್‌ನ 25% ಹಾಕಿ ಮುಗಿಸ್ರಿ ಅಂತ. ಮುಂದ ಒಮಾನ್‌ಗೂ ಇಥಿಯೋಪಿಯಾಕ್ಕೂ ಇದೇ ಪಾಲಿಸಿ ನಡೀಬೇಕು. 25% ನ್ಯಾಯ ಏನ್ರಿ? ತಿಳಿದವರು ಲೆಕ್ಕ ಸಮೇತ ಹೇಳ್ರಿ.

ಲೆಕ್ಕದ ಖೋಲಿ:
25% ಎಲ್ಲಿಂದ ಬಂತು ಅನ್ನೋದನ್ನ ಮೊದಲು ನೋಡೋಣ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ನೌಕರರಿಗೆ ಊರೂರಿಗೆ 5ರಿಂದ 35ರ ವರೆಗೆ, ಐದೈದರ ಮೆಟ್ಟಿಲಲ್ಲಿ ಶೇಕಡಾವಾರು ಹಾರ್ಡ್‌ಶಿಪ್ ಕೊಡುತ್ತದೆ. ಆ ಪಟ್ಟಿ ಎಲ್ಲರಿಗೂ ತೆರೆದಿರುವುದರಿಂದ ಕಂಪನಿಗಳು ಅದನ್ನೇ ನಕಲು ಹೊಡೆಯುತ್ತವೆ. ವಿಶ್ವಸಂಸ್ಥೆ ಹಾಗೆ ಮಾಡುವುದಿಲ್ಲ. ಅಲ್ಲಿ ಊರುಗಳಿಗೆ ಎಚ್, ಎ, ಬಿ, ಸಿ, ಡಿ, ಇ ಎಂದು ದರ್ಜೆ ಇದೆ. ಎಚ್ ಮತ್ತು ಎ ದರ್ಜೆಗೆ ಏನೂ ಇಲ್ಲ, ಬಿಯಿಂದ ಇವರೆಗೆ ವರ್ಷಕ್ಕೆ ಇಂತಿಷ್ಟು ಡಾಲರ್ ಎಂದು ನಿಗದಿ ಮೊತ್ತ. ಸಂಬಳದ ಶೇಕಡಾ ಅಲ್ಲ, ಹುದ್ದೆಗಳನ್ನು ಮೂರು ಗುಂಪು ಮಾಡಿ ಗುಂಪಿಗೊಂದು ಮೊತ್ತ. ನಮ್ಮ ಕೇಂದ್ರ ಸರ್ಕಾರದ್ದೂ ನಿಗದಿ ಮೊತ್ತವೇ. ಏಳನೇ ವೇತನ ಆಯೋಗ ಅಪಾಯ ಒಂದು ಕಡೆ, ಕಷ್ಟ ಇನ್ನೊಂದು ಕಡೆ ಇಟ್ಟು 9 ಮನೆಯ ಚೌಕ ಮಾಡಿತು. ಸಿಯಾಚಿನ್ ಮಾತ್ರ ಆ ಚೌಕದ ಮೇಲೆ ಬೇರೆಯಾಗಿ ಕೂತಿದೆ. 2017ರಲ್ಲಿ ಅಲ್ಲಿಗೆ ನಿಗದಿಯಾದದ್ದು ಅಧಿಕಾರಿಗಳಿಗೆ ತಿಂಗಳಿಗೆ 42,500, ಜವಾನರಿಗೆ 30,000. ಸಂಬಳದಲ್ಲಿ ಅವರಿಬ್ಬರ ನಡುವೆ ಇರುವ ಅಂತರಕ್ಕಿಂತ ಭತ್ಯೆಯ ಅಂತರ ಎಷ್ಟು ಕಡಿಮೆ ನೋಡಿ.

ಇನ್ನೊಂದು. ಹಾರ್ಡ್‌ಶಿಪ್ ಎಂಬ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬಬೇಡಿ. ಅಲ್ಲಿನ ತುಟ್ಟಿ ಬೆಲೆಗೆ ಕೊಡುವುದು ಬೇರೆ, ಗುಂಡು-ಅಪಹರಣದ ಅಪಾಯಕ್ಕೆ ಕೊಡುವುದು ಬೇರೆ (ಅಮೆರಿಕವೂ ವಿಶ್ವಸಂಸ್ಥೆಯೂ ಇದನ್ನು ಪ್ರತ್ಯೇಕ ಇಟ್ಟಿವೆ), ಊಟದ ದಿನಭತ್ಯೆ ಬೇರೆ, ಕಿಲ್ನ್ ಒಳಗಿನ ಝಳ ಬೇರೆ. ಕೊನೆಯದು ಕೆಲಸದ ಕಷ್ಟ, ಜಾಗದ ಕಷ್ಟ ಅಲ್ಲ. ವಾಡಿಯ ಕಿಲ್ನೂ ಅಷ್ಟೇ ಸುಡುತ್ತದೆ. ಅದಕ್ಕೆ ಕೊಡುವುದಿದ್ದರೆ ಇಲ್ಲೂ ಕೊಡಬೇಕು, ಅಲ್ಲೂ ಕೊಡಬೇಕು.

ಸೇಡಂ ರೋಡ್:
ಸರ ಹೇಳಿದ್ದು ಖರೇ ಅದ. ಅದ್ರ 25% ಲೆಕ್ಕ ಬಿಡಿಸಿ ತೋರಿಸಲಿಲ್ಲಂದ್ರ ಮ್ಯಾಲಿನವರಿಗೆ ತಿಳ್ಯಂಗಿಲ್ಲ. ಮ್ಯಾನೇಜರ್‌ಗೆ 30,000, ಅಂದ್ರ ದಿನಕ್ಕ 1,000. ಸೂಪರ್‌ವೈಸರ್‌ಗೆ 15,000. ಫಿಟ್ಟರ್‌ಗೆ 8,000. ಮೇಸ್ತ್ರಿಗೆ 7,000, ಅಂದ್ರ ದಿನಕ್ಕ 233. ಒಟ್ಟು ತಿಂಗಳಿಗಿ 1,45,000. ಸೊಳ್ಳಿ ಅದೇ, ಕ್ಯಾಂಪ್ ಅದೇ, ಬೋರ್ ನೀರು ಅದೇ. ಸೊಳ್ಳಿ ಏನು ಸ್ಯಾಲರಿ ಸ್ಲಿಪ್ ನೋಡಿ ಕಚ್ಚತದೇನ್ರಿ? ಇದೇ 1,45,000 ಎಲ್ಲರಿಗೂ ಸಮ ಹಂಚಿದ್ರ ತಲಿಗಿ 10,357 ಬರ್ತದ. ಹನ್ನೊಂದು ಮಂದಿಗಿ ಹೆಚ್ಚು, ಮೂರು ಮಂದಿಗಿ ಕಡಿಮಿ.

ಕೋಟೆ ಬಾಗಿಲು, ಬೀದರ್:
ಆ ಮೂವರೇ ಸಮಸ್ಯೆ ಅಣ್ಣಾವ್ರೆ. 30,000 ಸಿಗುತ್ತದೆ ಅಂದುಕೊಂಡ ಮ್ಯಾನೇಜರ್‌ಗೆ 10,357 ಅಂದರೆ ಆತ ಬರುವುದಿಲ್ಲ. ಸೈಟು ನಡೆಸುವ ಅನುಭವಿ ಸಿಗದೆ ಹೋದರೆ ಕಾಂಟ್ರಾಕ್ಟೇ ನಿಲ್ಲುತ್ತದೆ. ಮಾರುಕಟ್ಟೆ ಅಂತ ಒಂದಿದೆ.

ಸೇಡಂ ರೋಡ್:
ಮಾರುಕಟ್ಟಿಗಿ ಬೇಕಾದ ರೊಕ್ಕ ಹುದ್ದಿ ಹೆಸರಿಲೆ ಕೊಡ್ರಿ ಮೇಡಂ, ಪೋಸ್ಟಿಂಗ್ ಇನ್ಸೆಂಟಿವ್ ಅಂತ ಬ್ಯಾರೆ ಕಾಲಂ ಹಾಕ್ರಿ. ಕಷ್ಟದ ಹೆಸರಿನಾಗ ಬ್ಯಾಡ.

ಲೆಕ್ಕದ ಖೋಲಿ:
ಇಬ್ಬರ ಮಾತೂ ಇಟ್ಟುಕೊಂಡು ಗುಂಪು ಪದ್ಧತಿ ಹಾಕಿ ನೋಡೋಣ. ದಿನಕ್ಕೆ ಕಾರ್ಮಿಕರಿಗೆ 400, ಸೂಪರ್‌ವೈಸರ್‌ಗೆ 480, ಮ್ಯಾನೇಜರ್‌ಗೆ 600. 11 × 400 = 4,400. 2 × 480 = 960. ಜೊತೆಗೆ 600. ದಿನಕ್ಕೆ 5,960, ಮೂವತ್ತು ದಿನಕ್ಕೆ 1,78,800. ಶೇಕಡಾ ಪದ್ಧತಿಗಿಂತ ತಿಂಗಳಿಗೆ 33,800 ಹೆಚ್ಚು, 18 ತಿಂಗಳಿಗೆ 6,08,400. ಮೇಲಿನವರಿಗೆ ಈ ಆರು ಲಕ್ಷ ಕಣ್ಣಿಗೆ ಹೊಡೆಯುತ್ತದೆ. ಅದರ ಎದುರಿಗೆ ಇನ್ನೊಂದು ಲೆಕ್ಕ ಇಡಿ: ಒಬ್ಬ ವೆಲ್ಡರ್ ಐದನೇ ತಿಂಗಳಿಗೆ ಬೇಡವೆಂದು ವಾಪಸಾದರೆ ಅವನ ಟಿಕೆಟ್, ಬದಲಿಯವನ ವೀಸಾ, ಮೆಡಿಕಲ್, ಟಿಕೆಟ್, ಅವನು ಬರುವ ತನಕ ಖಾಲಿ ಬಿದ್ದ ಶಿಫ್ಟು, ಕ್ಲೈಂಟ್ ಹಾಕುವ ದಂಡ. ಅವರದೇ ಹಳೆಯ ಬಿಲ್ಲುಗಳಿಂದ ಈ ಮೊತ್ತ ತೆಗೆದು, ಆರು ಲಕ್ಷದಲ್ಲಿ ಅಂಥವರು ಎಷ್ಟು ಮಂದಿ ಹಿಡಿಯುತ್ತಾರೆ ಎಂದು ಭಾಗಿಸಿ ತೋರಿಸಿ. ಮ್ಯಾನೇಜರ್‌ಗೆ ಕಡಿಮೆಯಾದ 12,000ವನ್ನು ಸೇಡಂ ರೋಡ್ ಹೇಳಿದಂತೆ ಬೇರೆ ಕಾಲಮ್ಮಿನಲ್ಲಿ ತುಂಬಿಕೊಡಬಹುದು. ಹೆಸರು ಬೇರೆ ಇದ್ದರೆ ಸೈಟು ಸುಧಾರಿಸಿದಾಗ ಯಾವುದು ಇಳಿಯಬೇಕು, ಯಾವುದು ಉಳಿಯಬೇಕು ಎಂಬ ಗೊಂದಲ ಇರುವುದಿಲ್ಲ.

ವಾಡಿ ಜಂಕ್ಷನ್:
400 ಅನ್ನೋದು ಹೆಂಗ ಬಂತ್ರಿ? ಯಾಕ 300 ಅಲ್ಲ, 600 ಅಲ್ಲ?

ಲೆಕ್ಕದ ಖೋಲಿ:
ಅಂಕ ಹಾಕಬೇಕು, ಅದೂ ದೇಶಕ್ಕಲ್ಲ, ಸೈಟಿಗೆ. ಇಥಿಯೋಪಿಯಾವನ್ನೇ ತಗೊಳ್ಳಿ. ಅಡಿಸ್ ಅಬಾಬ ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಮೇಲಿದೆ, ತಂಪು ಹವೆ, ಮಲೇರಿಯಾ ಇಲ್ಲ. ಸುಮಾರು 1,200 ಮೀಟರ್‌ನ ದಿರೆ ದಾವಾಕ್ಕೆ ಇಳಿದರೆ ಬಿಸಿಲೂ ಇದೆ, ಮಲೇರಿಯಾವೂ ಇದೆ. ಎರಡಕ್ಕೂ ಒಂದೇ ದರ ಹಾಕಿದರೆ ಅಡಿಸ್‌ನವನಿಗೆ ಬಹುಮಾನ, ದಿರೆ ದಾವಾದವನಿಗೆ ಮೋಸ.

ಒಟ್ಟು 100 ಅಂಕ. ಫ್ಯಾಮಿಲಿ ಇಲ್ಲದ ಪೋಸ್ಟಿಂಗ್ ಆದ್ದರಿಂದ ಶಾಲೆಯ ಅಂಶ ಬಿಟ್ಟೆ. ಆರೋಗ್ಯ-ಆಸ್ಪತ್ರೆ 25, ಸುರಕ್ಷತೆ 25, ದೂರ ಮತ್ತು ಒಂಟಿತನ 20, ವಸತಿ-ನೀರು-ಕರೆಂಟ್ 15, ಹವೆ 10, ಊಟ-ಸಾಮಾನು 5. ಪ್ರತಿಯೊಂದಕ್ಕೂ 0ಯಿಂದ 4ರ ತನಕ ಮಟ್ಟ. ಮಟ್ಟಕ್ಕೆ ಸರಿಯಾದ ವ್ಯಾಖ್ಯೆ ಬರೆದಿಡದಿದ್ದರೆ ಇದೆಲ್ಲ ಬರೀ ಅಂದಾಜಾಗುತ್ತದೆ. ಆಸ್ಪತ್ರೆಯದ್ದು ಹೀಗೆ ಬರೆಯಬಹುದು: ಆಪರೇಷನ್ ಥಿಯೇಟರ್ ಮತ್ತು ರಕ್ತ ಎರಡೂ ಇರುವ ಆಸ್ಪತ್ರೆ ಅರ್ಧ ಗಂಟೆಯೊಳಗೆ ಸಿಕ್ಕರೆ 0, ಒಂದು ಗಂಟೆಯೊಳಗೆ 1, ಮೂರು ಗಂಟೆಯೊಳಗೆ 2, ಆರು ಗಂಟೆಯೊಳಗೆ 3, ಅದಕ್ಕೂ ಮೀರಿದರೆ 4. ಕಿಲೋಮೀಟರ್ ಬರೆಯಬೇಡಿ, ಗಂಟೆ ಬರೆಯಿರಿ. ರಾತ್ರಿ ರಸ್ತೆಗೆ ಇಳಿಯುವಂತಿಲ್ಲ ಎಂಬ ನಿಯಮ ಇರುವ ಕಡೆ ಒಂದು ಮಟ್ಟ ಏರಿಸಿ. ಹೊಟ್ಟೆನೋವು ಬೆಳಗಾಗಲಿ ಅಂತ ಕಾಯುವುದಿಲ್ಲ.

ಈಗ ವಾಡಿ ಜಂಕ್ಷನ್ ಅವರ ಸೈಟು. ಆರೋಗ್ಯ 3, ಅಂದರೆ 18.75. ಸುರಕ್ಷತೆ 3, 18.75. ದೂರ 2, ಅಂದರೆ 10. ವಸತಿ 3, 11.25. ಹವೆ 2, ಅಂದರೆ 5. ಊಟ 3, 3.75. ಮೊತ್ತ 67.5.

ಇಲ್ಲಿಗೇ ದರ ಕಟ್ಟಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಸರಿಮಾಡಬಹುದಾದ ಕಷ್ಟಕ್ಕೆ ದುಡ್ಡು ಕೊಟ್ಟು ಕೈತೊಳೆಯುವುದು ಭತ್ಯೆ ಅಲ್ಲ. ಎರಡನೇ ಜನರೇಟರ್, ಆರ್‌ಒ ಘಟಕ, ಕಿಟಕಿಗೆ ಜಾಲರಿ, ಔಷಧಿ ಲೇಪಿಸಿದ ಸೊಳ್ಳೆಪರದೆ ಹಾಕಿದರೆ ವಸತಿ 3ರಿಂದ 1ಕ್ಕೆ ಇಳಿದು 3.75 ಆಗುತ್ತದೆ. ಸೈಟಿನಲ್ಲೇ ಆಂಬುಲೆನ್ಸ್, ಪ್ಯಾರಾಮೆಡಿಕ್, ವಿಮಾನದಲ್ಲಿ ಸಾಗಿಸುವ ವಿಮೆ ಇದ್ದರೆ ಆರೋಗ್ಯ 2, 12.5. ಅಡುಗೆಯವ ಒಬ್ಬ ನಮ್ಮ ಕಡೆಯವನಿದ್ದರೆ ಊಟ 1, 1.25. ಈಗ ಮೊತ್ತ 51.25. ಭತ್ಯೆ ಈ ಉಳಿದ ಕಷ್ಟಕ್ಕೆ. 20ರ ತನಕ ಏನೂ ಇಲ್ಲ, 20 ದಾಟಿ 35ರ ತನಕ ದಿನಕ್ಕೆ 150, 50ರ ತನಕ 250, 65ರ ತನಕ 400, ಅದರ ಮೇಲೆ 550. ರೂಪಾಯಿ ಉದಾಹರಣೆಗೆ ಇಟ್ಟದ್ದು, ಅದನ್ನು ನಿಮ್ಮ ಬಜೆಟ್ ನೋಡಿ ಕಟ್ಟಿಕೊಳ್ಳಿ.

ಕೋಟೆ ಬಾಗಿಲು, ಬೀದರ್:
51.25 ಅಂದರೆ ಗಡಿಯಿಂದ ಒಂದೂಕಾಲು ಅಂಕ ದೂರ. ಯಾರೋ ಒಬ್ಬರು ದೂರದ ಅಂಶ 2 ಅಲ್ಲ 1 ಅಂದರೆ 46.25, ಭತ್ಯೆ 400ರಿಂದ 250ಕ್ಕೆ ಬೀಳುತ್ತದೆ. ಇಷ್ಟು ದೊಡ್ಡ ಮೆಟ್ಟಿಲಿದ್ದಲ್ಲಿ ಅಂಕ ಹಾಕುವವರ ಮೇಲೆ ಒತ್ತಡ ಬರುವುದು ಗ್ಯಾರಂಟಿ. ಮೆಟ್ಟಿಲೇ ತೆಗೆದು ಅಂಕಕ್ಕೆ 8 ರೂಪಾಯಿ ಅಂತ ಮಾಡಿದರೆ? 51.25ಕ್ಕೆ 410, 46.25ಕ್ಕೆ 370. ಜಗಳ 40 ರೂಪಾಯಿಗೆ ಇಳಿಯುತ್ತದೆ.

ಲೆಕ್ಕದ ಖೋಲಿ:
ಕಾಗದದ ಮೇಲೆ ನಿಮ್ಮದೇ ಚೆಂದ. ಆದರೆ ಪ್ರತಿ ಸಮೀಕ್ಷೆಗೂ (ಸೈಟಿಗೆ ಮತ್ತೆ ಅಂಕ ಹಾಕಿದಾಗಲೆಲ್ಲ) ಎಲ್ಲರ ಭತ್ಯೆ ಐದು-ಹತ್ತು ರೂಪಾಯಿ ಅಲುಗಾಡುತ್ತಿದ್ದರೆ ಪೇರೋಲ್‌ನವರಿಗೂ ತಲೆಬಿಸಿ, ಮನೆಗೆ ದುಡ್ಡು ಕಳಿಸುವವರಿಗೂ ತಲೆಬಿಸಿ. ನಾನಾದರೆ ಮೆಟ್ಟಿಲು ಇಟ್ಟು ಒಂದು ಷರತ್ತು ಹಾಕುತ್ತೇನೆ: ಸತತ ಎರಡು ಸಮೀಕ್ಷೆಯಲ್ಲಿ ಗಡಿಯ ಕೆಳಗೆ ಬಂದರೆ ಮಾತ್ರ ಇಳಿಕೆ.

ತೊಗರಿ ಕಣಜ:
ಒಮಾನ್ ಬಗ್ಗೆ ಒಂದು ಮಾತು. ಹವೆಗೆ ಅಂಕ ಯಾಕೆ ಕೊಡಬೇಕು? ಕಲಬುರಗಿಯವನಿಗೆ ಬಿಸಿಲು ಹೊಸದೇ? ಮೇ ತಿಂಗಳಲ್ಲಿ ಇಲ್ಲೇ 43 ಡಿಗ್ರಿ. ಮಸ್ಕತ್ ಜುಲೈನಲ್ಲಿ 37-38. ನಾವೇ ಅವರಿಗೆ ಪಾಠ ಹೇಳಬೇಕು!

ಕರೇಜ್ ನೀರು:
ಈ ವಾದ ಭಾಳ ಕಡೆ ಕೇಳಿಬರುತ್ತದೆ, ತಪ್ಪು. ನಮ್ಮ ಬ್ಯಾಸಗಿ ಒಣ ಬ್ಯಾಸಗಿ. 43 ಡಿಗ್ರಿ, ಗಾಳಿಯಲ್ಲಿ ತೇವ 15% ಇದ್ದರೆ ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವುದು ಸುಮಾರು 23. ಕರಾವಳಿಯ 37 ಡಿಗ್ರಿ, ತೇವ 60% ಇದ್ದರೆ ಅದೇ ಥರ್ಮಾಮೀಟರ್ 30 ತೋರಿಸುತ್ತದೆ. ಬೆವರು ಆರಿದರೆ ತಾನೇ ಮೈ ತಂಪಾಗುವುದು. ಇಲ್ಲಿ ಬೆವರು ಬಂದದ್ದೇ ಗೊತ್ತಾಗದಂತೆ ಆರುತ್ತದೆ, ಅಲ್ಲಿ ಅಂಗಿಯಿಂದ ತೊಟ್ಟಿಕ್ಕುತ್ತದೆ, ಮೈ ತಣಿಯುವುದಿಲ್ಲ. ಹವೆಯ ಮಟ್ಟಕ್ಕೆ ಬರೀ ಉಷ್ಣಾಂಶ ಬರೆಯದೆ ತೇವ ಸೇರಿಸಿದ ಅಳತೆ ಬರೆಯಿರಿ. ಕತಾರ್ 2021ರಿಂದ ಬಿಸಿಲು, ತೇವ, ಗಾಳಿ ಎಲ್ಲ ಸೇರಿಸಿದ ಸೂಚ್ಯಂಕ 32.1 ದಾಟಿದರೆ ಹೊರಗಿನ ಕೆಲಸ ನಿಲ್ಲಿಸಬೇಕು ಅಂತ ನಿಯಮ ಮಾಡಿದೆ. ಒಮಾನ್‌ನಲ್ಲಿ ಜೂನ್‌ನಿಂದ ಆಗಸ್ಟ್ ತನಕ ಮಧ್ಯಾಹ್ನ 12.30ರಿಂದ 3.30 ಹೊರಗೆ ಬಿಸಿಲಲ್ಲಿ ದುಡಿಸುವಂತಿಲ್ಲ. ಅದು ಕಾನೂನು. ಭತ್ಯೆ ಕೊಟ್ಟು ಆ ಮೂರು ತಾಸು ಕೊಂಡುಕೊಳ್ಳಲು ಬರುವುದಿಲ್ಲ.

ಲೆಕ್ಕದ ಖೋಲಿ:
ಹಾಗಂತ ಮಸ್ಕತ್ ನಗರಕ್ಕೆ ಭತ್ಯೆ ಬರುತ್ತದೆ ಅಂತಲ್ಲ. ಹವೆ 4 ಹಾಕಿದರೆ 10, ವಸತಿ 1ಕ್ಕೆ 3.75, ಉಳಿದದ್ದು ಸೊನ್ನೆ. 13.75, ಅಂದರೆ ಏನೂ ಇಲ್ಲ. ಅದೇ ದೇಶದ ಮರುಭೂಮಿ ಒಳಗಿನ ಸೈಟಾದರೆ ದೂರಕ್ಕೆ 10, ಆಸ್ಪತ್ರೆಗೆ 6.25 ಸೇರಿ 30, ಮೊದಲ ಮೆಟ್ಟಿಲು. ಗಲ್ಫ್ ಅಂದ ಕೂಡಲೇ ಹಾರ್ಡ್‌ಶಿಪ್ ಅನ್ನುವ ರೂಢಿ ಬಿಡಬೇಕು.

ಕರೇಜ್ ನೀರು:
ಆರೋಗ್ಯದ ಬಗ್ಗೆ ಇನ್ನಷ್ಟು, ಯಾಕಂದರೆ ದುಡ್ಡು ಕೊಟ್ಟೆವಲ್ಲ ಅಂತ ಇದನ್ನೇ ಮರೆಯುತ್ತಾರೆ. ನೈಜೀರಿಯಾ, ಇಥಿಯೋಪಿಯಾ ಎರಡಕ್ಕೂ ಹಳದಿ ಜ್ವರದ ಲಸಿಕೆ ಬೇಕು. ಹೊರಡುವ ಕನಿಷ್ಠ 10 ದಿನ ಮೊದಲು ಚುಚ್ಚಿಸಬೇಕು, ಹಳದಿ ಪುಸ್ತಕ (ಲಸಿಕೆಯ ಪ್ರಮಾಣಪತ್ರ) 10ನೇ ದಿನದಿಂದ ಮಾನ್ಯ. 2016ರ ಜುಲೈನಿಂದ ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಪುಸ್ತಕ ಇಲ್ಲದೆ ಅಲ್ಲಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದ ತನಕ ಪ್ರತ್ಯೇಕ ಕೂರಿಸುತ್ತಾರೆ. ಕಲಬುರಗಿಯವರಿಗೆ ಹತ್ತಿರ ಅಂದರೆ ಹೈದರಾಬಾದ್ ನಾರಾಯಣಗುಡದ ಸರ್ಕಾರಿ ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆ. ಆ ಓಡಾಟದ ಖರ್ಚು, ರಜೆ ಎರಡೂ ಕಂಪನಿಯದ್ದು. ಭತ್ಯೆಯಲ್ಲಿ ಕತ್ತರಿಸುವಂತಿಲ್ಲ ಅಂತ ಪಾಲಿಸಿಯಲ್ಲೇ ಬರೆಯಿರಿ.

ಮಲೇರಿಯಾ ಮಾತ್ರೆಯಲ್ಲೂ ಒಂದು ಸೂಕ್ಷ್ಮ ಇದೆ. ಅಗ್ಗ ಅಂತ ಎಲ್ಲರಿಗೂ ಡಾಕ್ಸಿಸೈಕ್ಲಿನ್ ಕೊಡುವವರುಂಟು. ಅದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ಇಡೀ ದಿನ ಬಿಸಿಲಲ್ಲಿ ನಿಲ್ಲುವ ಫಿಟ್ಟರ್‌ಗೆ, ಆರ್ಕ್‌ನ ಎದುರು ಕೂರುವ ವೆಲ್ಡರ್‌ಗೆ ಕತ್ತು, ಮುಂಗೈ ಸುಡುತ್ತದೆ, ಅವರು ಮಾತ್ರೆ ಬಿಟ್ಟುಬಿಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಡಾಕ್ಟರ್ ಹತ್ತಿರ ಕೆಲಸ ಏನು ಅಂತ ಮೊದಲೇ ಹೇಳಿ ಬದಲಿ ಕೇಳಬೇಕು. ವಾಪಸ್ ಬಂದ ಮೇಲೂ ಡಾಕ್ಸಿಸೈಕ್ಲಿನ್ ನಾಲ್ಕು ವಾರ ಮುಂದುವರಿಸಬೇಕು. ಊರಿಗೆ ಬಂದ ಖುಷಿಯಲ್ಲಿ ನಿಲ್ಲಿಸುವುದೇ ಹೆಚ್ಚು. ಊರಲ್ಲಿ ಜ್ವರ ಬಂದರೆ ಆಫ್ರಿಕಾದಿಂದ ಬಂದದ್ದನ್ನು ಡಾಕ್ಟರ್‌ಗೆ ಹೇಳಲೇಬೇಕು, ಅಲ್ಲಿನದು ಬಹುಪಾಲು ಫಾಲ್ಸಿಪೇರಂ ಎಂಬ ಕೆಟ್ಟ ಜಾತಿಯ ಮಲೇರಿಯಾ, ತಡ ಮಾಡಿದರೆ ಮಿದುಳಿಗೆ ಏರುತ್ತದೆ.

ದಿರೆ ದಾವಾ ಮಾತು ಬಂತಲ್ಲ, 2022ರಲ್ಲಿ ಅಲ್ಲಿ ಮಲೇರಿಯಾ ಹಬ್ಬಿಸಿದ್ದು ನಮ್ಮ ಏಷ್ಯಾದ ನಗರದ ಸೊಳ್ಳೆ, ಸ್ಟೆಫೆನ್ಸಿ. ಓವರ್‌ಹೆಡ್ ಟ್ಯಾಂಕು, ಸಿಮೆಂಟ್ ತೊಟ್ಟಿಯ ನೀರಲ್ಲೇ ಮೊಟ್ಟೆ ಇಡುತ್ತದೆ, ಮಳೆಗಾಲ ಬೇಕಿಲ್ಲ. ಕ್ಯಾಂಪಿನ ಟ್ಯಾಂಕಿಗೆ ಮುಚ್ಚಳ ಇದೆಯೋ ಇಲ್ಲವೋ ಅನ್ನುವುದನ್ನೂ ವಸತಿಯ ಅಂಕದಲ್ಲಿ ಸೇರಿಸಿ.

ಸೇಡಂ ರೋಡ್:
ಅಂಕ ಯಾರು ಹಾಕಬೇಕು? ಹೈದರಾಬಾದಿನ ಎಸಿ ರೂಮಿನಾಗ ಕೂತು ಎಚ್‌ಆರ್‌ನವರು ನಕಾಶಿ ನೋಡಿ ಹಾಕಿದ್ರ ಆಗಂಗಿಲ್ಲ.

ಕೋಟೆ ಬಾಗಿಲು, ಬೀದರ್:
ಮೂರು ಮಂದಿ ಬೇರೆ ಬೇರೆಯಾಗಿ ತುಂಬಬೇಕು, ಒಬ್ಬರದ್ದು ಇನ್ನೊಬ್ಬರಿಗೆ ತೋರಿಸಬಾರದು. ಸೈಟಿನಲ್ಲಿರುವ ಕಾರ್ಮಿಕರು ಆರಿಸಿದ ಒಬ್ಬರು, ಅಲ್ಲಿಂದ ಬಂದು ಆರು ತಿಂಗಳಾಗದ ಒಬ್ಬರು (ಇವರಿಗೆ ಏರಿಸಿ ಲಾಭವಿಲ್ಲ, ಇಳಿಸಿಯೂ ಇಲ್ಲ), ಕಚೇರಿಯಿಂದ ಒಬ್ಬರು. ಮೂರರಲ್ಲಿ ಎರಡು ಮಟ್ಟ ವ್ಯತ್ಯಾಸ ಬಂದ ಅಂಶಕ್ಕೆ ಸಾಕ್ಷಿ ಕೇಳಿ: ಜನರೇಟರ್‌ನ ಲಾಗ್‌ಬುಕ್, ನೀರಿನ ಪರೀಕ್ಷೆಯ ವರದಿ, ಆಸ್ಪತ್ರೆಗೆ ಹೋದ ಗಾಡಿಯ ಹೊರಟ-ಮುಟ್ಟಿದ ಸಮಯ, ಕ್ಲಿನಿಕ್ ರಿಜಿಸ್ಟರಿನ ಜ್ವರದ ಸಂಖ್ಯೆ. ಸರಾಸರಿ ತೆಗೆಯಬೇಡಿ, ನಡುವಿನ ಮಟ್ಟ ತಗೊಳ್ಳಿ. ಸರಾಸರಿಯನ್ನು ಒಬ್ಬರೇ ಎಳೆದಾಡಬಹುದು, ನಡುವಿನದನ್ನು ಆಗುವುದಿಲ್ಲ.

ವಾಡಿ ಜಂಕ್ಷನ್:
ಭಾಳ ಉಪಯೋಗ ಆಗ್ಲಿಕತ್ತದ. ರೊಕ್ಕ ಯಾವ ನಾಣ್ಯದಾಗ ಕೊಡಬೇಕು? ಅಲ್ಲಿನ ನೈರಾದಾಗ ಕೊಡೋದು ಸುಲಭ ಅಂತಾರ.

ಲೆಕ್ಕದ ಖೋಲಿ:
ಬೇಡವೇ ಬೇಡ. 2023ರ ಜೂನ್‌ನಲ್ಲಿ ನೈರಾದ ಹಿಡಿತ ಸಡಿಲಿಸುವ ಮೊದಲು ಡಾಲರ್‌ಗೆ ಸುಮಾರು 460-470 ಇತ್ತು, 2024ರ ಆರಂಭಕ್ಕೆ 1,500ರ ಆಸುಪಾಸು. ನೈರಾದಲ್ಲಿ ಬರೆದ ಭತ್ಯೆ ಎಂಟು-ಒಂಬತ್ತು ತಿಂಗಳಲ್ಲಿ ಮೂರನೇ ಒಂದು ಭಾಗವಾಯಿತು. ಇಥಿಯೋಪಿಯಾದ ಬಿರ್ 2024ರ ಜುಲೈ ಕೊನೆಯಲ್ಲಿ 57ರ ಹತ್ತಿರ ಇದ್ದದ್ದು ಕೆಲವೇ ವಾರದಲ್ಲಿ 100 ದಾಟಿತು. ಅಲ್ಲಿ ಖರ್ಚಿಗೆ ಬೇಕಾದಷ್ಟು ಮಾತ್ರ ಸ್ಥಳೀಯ ನಾಣ್ಯ. ಹಾರ್ಡ್‌ಶಿಪ್ ಭತ್ಯೆಯನ್ನು ರೂಪಾಯಿಯಲ್ಲೇ ನಿಗದಿ ಮಾಡಿ ಊರಿನ ಖಾತೆಗೆ ಹಾಕಿ.

ಯಾದಗಿರಿ ಬೆಟ್ಟ:
ಕೊನೆಯ ಸಾಲಿಗೆ ಸ್ವಲ್ಪ ತಡೀರಿ ಸರ್. ತೆರಿಗೆ ನೋಡದೆ ಹಾಗೆ ಹೇಳುವಂತಿಲ್ಲ. ಅನಿವಾಸಿ ಆದವನಿಗೆ ಭಾರತದಲ್ಲಿ ತೆರಿಗೆ ಬೀಳುವುದು ಇಲ್ಲಿ ಹುಟ್ಟಿದ ಅಥವಾ ಇಲ್ಲಿ ಕೈಗೆ ಬಂದ ಆದಾಯಕ್ಕೆ. ಹೊರಗೆ ದುಡಿದ ದುಡ್ಡು ಮೊದಲು ಹೊರಗಿನ ಖಾತೆಗೆ ಬಂದು ಆಮೇಲೆ ಮನೆಗೆ ಕಳಿಸಿದರೆ ಅದು ಬರೀ ರವಾನೆ. ಕಂಪನಿ ನೇರ ಕಲಬುರಗಿ ಖಾತೆಗೆ ಜಮೆ ಮಾಡಿದರೆ ಇಲ್ಲೇ ಕೈಗೆ ಬಂತು ಅಂತ ತೆರಿಗೆ ಇಲಾಖೆ ತಕರಾರು ತೆಗೆಯಬಹುದು. ದರ ರೂಪಾಯಿಯಲ್ಲೋ ಡಾಲರ್‌ನಲ್ಲೋ ಬರೆಯಿರಿ, ಜಮೆ ಎಲ್ಲಿ ಅನ್ನುವುದು ಬೇರೆ ಪ್ರಶ್ನೆ. ನೇರ ಇಲ್ಲೇ ಹಾಕಬೇಕಾದರೆ ತೆರಿಗೆಯ ಹೊರೆ ಕಂಪನಿ ಹೊರುತ್ತದೆ ಅಂತ ಬರೆದುಕೊಡಲಿ.

ಅನಿವಾಸಿ ಆಗುವುದೂ ಹೊರಡುವ ದಿನದ ಮೇಲೆ ನಿಂತಿದೆ. ಕೆಲಸಕ್ಕಾಗಿ ಹೊರಟ ಭಾರತೀಯ ಆ ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ಆ ವರ್ಷಕ್ಕೆ ನಿವಾಸಿಯೇ. ಏಪ್ರಿಲ್ 1ರಿಂದ ಸೆಪ್ಟೆಂಬರ್ 28ಕ್ಕೆ 181 ದಿನ. ಹೊರಡುವ ದಿನವನ್ನೂ ಎಣಿಸಿಕೊಳ್ಳಿ, ಮಾರ್ಚ್‌ನೊಳಗೆ ರಜೆಗೆ ಬಂದ ದಿನಗಳನ್ನೂ ಸೇರಿಸಿ. ಒಂದೇ ಕೆಲಸಕ್ಕೆ ಆಗಸ್ಟ್‌ನಲ್ಲಿ ಹೋದವನಿಗೆ ಭತ್ಯೆ ಪೂರ್ತಿ, ನವೆಂಬರ್‌ನಲ್ಲಿ ಹೋದವನಿಗೆ ತೆರಿಗೆ ಕಳೆದು. ಹಾರಾಟದ ದಿನ ನಿರ್ಧರಿಸುವುದು ಕಂಪನಿಯಾದ್ದರಿಂದ ಈ ವ್ಯತ್ಯಾಸವನ್ನೂ ಕಂಪನಿಯೇ ತುಂಬಬೇಕು ಅನ್ನುವುದು ನನ್ನ ಮತ.

ಸರ್ಕಾರಿ ನೌಕರರಿಗೆ ಹೊರದೇಶದ ಭತ್ಯೆ ಪೂರ್ತಿ ವಿನಾಯಿತಿ ಇದೆಯಲ್ಲ ಅಂತ ಕೆಲವರು ವಾದಿಸುತ್ತಾರೆ. 1961ರ ಕಾಯ್ದೆಯ 10(7) ಇದ್ದದ್ದು ಸರ್ಕಾರ ಕೊಡುವ ಭತ್ಯೆಗೆ ಮಾತ್ರ, ಖಾಸಗಿಗೆ ಅಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಕಲಂ ಸಂಖ್ಯೆಗಳು ಬದಲಾಗಿವೆ, ಹಳೆಯ ಪಾಲಿಸಿಯ ಸಂಖ್ಯೆಗಳನ್ನು ಹಾಗೇ ನಕಲು ಮಾಡಬೇಡಿ.

ಅಲ್ಲಿನ ತೆರಿಗೆ ತುಂಬಿಕೊಡುವಾಗ ಆಗುವ ತಪ್ಪು ಒಂದು. ಕೈಗೆ 12,000 ಸಿಗಬೇಕು, ತೆರಿಗೆ 20% ಅಂದುಕೊಳ್ಳಿ. 12,000ಕ್ಕೆ 20% ಸೇರಿಸಿ 14,400 ಕೊಟ್ಟರೆ ಅದರ ಮೇಲೆ ತೆರಿಗೆ 2,880 ಹೋಗಿ 11,520 ಉಳಿಯುತ್ತದೆ. 12,000ವನ್ನು 0.8ರಿಂದ ಭಾಗಿಸಬೇಕು, 15,000.

ವಾಡಿ ಜಂಕ್ಷನ್:
ಪಿಎಫ್ ಕಡಿತ ಇದರ ಮ್ಯಾಲೂ ಬೀಳ್ತದೇನ್ರಿ?

ಯಾದಗಿರಿ ಬೆಟ್ಟ:
ಎಲ್ಲರಿಗೂ ಸಾಮಾನ್ಯವಾಗಿ, ತಪ್ಪದೆ ಕೊಡುವ ಭತ್ಯೆ ಬೇಸಿಕ್‌ನಲ್ಲೇ ಸೇರುತ್ತದೆ ಅಂತ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಹೇಳಿದೆ. ಸೈಟಿನ ಅಂಕದ ಮೇಲೆ ಏರಿಳಿಯುವ ಭತ್ಯೆಯನ್ನು ಹೊರಗೆ ಇಡಬಹುದು ಅಂತ ವಾದಿಸಲು ಆಧಾರ ಇರುತ್ತದೆ. ಅಂಕಪಟ್ಟಿ ಇಲ್ಲದೆ ಹೊರಗೆ ಹೋದವರಿಗೆಲ್ಲ 25% ಅಂದರೆ ಆ ಆಧಾರ ಸಡಿಲ. ವೇತನ ಸಂಹಿತೆಯ ವ್ಯಾಖ್ಯೆಯನ್ನೂ ನೋಡಿ: ಹೊರಗಿಟ್ಟ ಭತ್ಯೆಗಳೆಲ್ಲ ಕೂಡಿ ಒಟ್ಟು ಸಂಭಾವನೆಯ ಅರ್ಧ ದಾಟಿದರೆ ದಾಟಿದಷ್ಟು ಭಾಗ ವೇತನಕ್ಕೆ ಸೇರುತ್ತದೆ. ಬೇಸಿಕ್ ಕಡಿಮೆ ಇಟ್ಟು ಭತ್ಯೆ ಉಬ್ಬಿಸುವ ಹಳೇ ಕಸರತ್ತು ಇಲ್ಲಿ ಕೈಕೊಡುತ್ತದೆ.

ಮೇಸ್ತ್ರಿಗಳಲ್ಲಿ ಹತ್ತನೇ ಪಾಸಾಗದವರಿದ್ದರೆ ಒಮಾನ್‌ಗೆ ಹೋಗುವಾಗ ಇಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದಲ್ಲಿ ಎಮಿಗ್ರೇಷನ್ ಕ್ಲಿಯರೆನ್ಸ್ (ಹೊರದೇಶಕ್ಕೆ ದುಡಿಯಲು ಹೋಗುವ ಅನುಮತಿ) ಬೇಕು. ಕರಾರಿನಲ್ಲಿ ಸಂಬಳ ಬೇರೆ ಸಾಲು, ಹಾರ್ಡ್‌ಶಿಪ್ ಬೇರೆ ಸಾಲು ಇರಲಿ. ಆಗ ಮಾಡಿಸುವ ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ಪ್ರೀಮಿಯಂ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಅದನ್ನು ತೋರಿಸಿ ಆರೋಗ್ಯದ ಅಂಕ ಇಳಿಸಲು ಹೋಗಬೇಡಿ, ವಿಮಾನದಲ್ಲಿ ಸಾಗಿಸುವ ವಿಮೆಯೇ ಬೇರೆ.

ಸೇಡಂ ರೋಡ್:
ದಿನದ ಲೆಕ್ಕಕ್ಕ ಕೊಟ್ರ ಒಂದು ಅಡಚಣಿ ಅದ ನೋಡ್ರಿ. ರಜಾಕ್ಕ ಊರಿಗಿ ಬಂದ್ರ ಭತ್ಯೆ ಹೋಗ್ತದ ಅಂತ ಮಂದಿ ರಜಾನೇ ತಗೊಳ್ಳಂಗಿಲ್ಲ. ಆರಾರು ತಿಂಗಳು ಅಲ್ಲೇ ಕೂಡ್ತಾರ, ಮೈ ಹಣ್ಣಾಗ್ತದ, ಕೈ ತಪ್ಪತದ, ಗ್ರೈಂಡರ್ ಕೈಯಾಗ ಇದ್ದಾಗ ಕೈ ತಪ್ಪಬಾರದು.

ಕೋಟೆ ಬಾಗಿಲು, ಬೀದರ್:
ಖರೇ. ಆದ್ದರಿಂದ ಎರಡು ರಜೆ ಬೇರೆ ಮಾಡಬೇಕು. ಪ್ರತಿ 90 ದಿನಕ್ಕೆ 15 ದಿನದ ವಿಶ್ರಾಂತಿ ರಜೆ ಕಡ್ಡಾಯ, ಅದಕ್ಕೆ ಭತ್ಯೆ ನಿಲ್ಲುವುದಿಲ್ಲ. ಅದರ ಮೇಲೆ ತಾವಾಗಿ ಕೇಳಿದ ರಜೆಗೆ ಭತ್ಯೆ ಇಲ್ಲ. ಎಣಿಕೆ ರಾತ್ರಿಗಳದ್ದು: ಸೈಟಿನಲ್ಲಿ ಮಲಗಿದ ರಾತ್ರಿಗೆ ಉಂಟು, ಹೊರಟ ರಾತ್ರಿಗೆ ಇಲ್ಲ. ಕಾಯಿಲೆ ಬಿದ್ದು ಆಸ್ಪತ್ರೆಗೆ ಅಥವಾ ಊರಿಗೆ ಸಾಗಿಸಿದರೆ 30 ದಿನದ ತನಕ ಮುಂದುವರಿಸಿ. ಇಲ್ಲದಿದ್ದರೆ ಜ್ವರ ಇಟ್ಟುಕೊಂಡೇ ಡ್ಯೂಟಿಗೆ ಬರುತ್ತಾರೆ. ಕಿಲ್ನ್ ಶಟ್‌ಡೌನ್‌ಗೆ ಅಂತ 30-40 ದಿನಕ್ಕೆ ಹೋಗುವವರಿಗೂ ಮೊದಲ ದಿನದಿಂದಲೇ ಕೊಡಿ. ಹೊಸ ಜಾಗದ ಮೊದಲ ವಾರಗಳೇ ಹೆಚ್ಚು ಕಷ್ಟ.

ಕರೇಜ್ ನೀರು:
ಸೈಟು ಸುಧಾರಿಸಿದಾಗ ಇಳಿಸುವುದು ಹೇಗೆ ಅನ್ನುವುದನ್ನು ಯಾರೂ ಬರೆಯಲಿಲ್ಲ. ಆರ್‌ಒ ಬಂತು, ನಾಳೆಯಿಂದ 150 ಕಡಿತ ಅಂದರೆ ಮುಂದಿನ ಸಲ ಆರ್‌ಒ ಕೆಟ್ಟದ್ದನ್ನು ಸರಿಮಾಡಿಸಲು ಯಾರಿಗೂ ಅವಸರ ಇರುವುದಿಲ್ಲ.

ಲೆಕ್ಕದ ಖೋಲಿ:
ಏರಿಕೆ ಆ ದಿನದಿಂದಲೇ. ಇಳಿಕೆಗೆ ಎರಡು ಸಮೀಕ್ಷೆಯ ನಂತರವೂ 90 ದಿನದ ಮುನ್ಸೂಚನೆ, ಅದೂ ನಡೆಯುತ್ತಿರುವ ಸರದಿ (ಎರಡು ವಿಶ್ರಾಂತಿ ರಜೆಗಳ ನಡುವಿನ ಅವಧಿ) ಮುಗಿದ ಮೇಲೆ. ಇನ್ನೊಂದು ಕಡೆಯಿಂದಲೂ ಬಿಗಿ ಮಾಡಬೇಕು. ಕಂಪನಿ ಒದಗಿಸುತ್ತೇನೆ ಅಂದು ಅಂಕ ಇಳಿಸಿಕೊಂಡ ವಸ್ತು 72 ತಾಸಿಗಿಂತ ಹೆಚ್ಚು ಕೆಟ್ಟು ನಿಂತರೆ, ಸರಿಯಾಗುವ ತನಕ ತಲೆಗೆ ದಿನಕ್ಕೆ 150 ಹೆಚ್ಚುವರಿ, ಸೈಟಿನ ಬಜೆಟ್‌ನಿಂದ. 14 ಮಂದಿಗೆ ದಿನಕ್ಕೆ 2,100. ಜನರೇಟರ್‌ನ ಬಿಡಿಭಾಗ ತರಿಸಲು ಮ್ಯಾನೇಜರ್‌ಗೆ ಇದಕ್ಕಿಂತ ಒಳ್ಳೆಯ ಜ್ಞಾಪನ ಇಲ್ಲ.

ತೊಗರಿ ಕಣಜ:
ಊಟದ 5 ಅಂಕದ ಮೇಲೆ ಯಾರೂ ಮಾತಾಡಲಿಲ್ಲ! ಇಲ್ಲಿಂದ ಜೋಳದ ಹಿಟ್ಟು ಚೀಲಗಟ್ಟಲೆ ಕಳಿಸುವವರಿದ್ದಾರೆ. ಆ ಸೆಕೆಗೆ ಹಿಟ್ಟು ಬೇಗ ಕಹಿ ಬರುತ್ತದೆ, ಜೋಳದ ಮೊಳಕೆಯಲ್ಲಿ ಎಣ್ಣೆ ಅಂಶ ಇದೆ. ಕಳಿಸುವುದಾದರೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಳಿಸಿ. ಜೋಳವನ್ನು ಕಳಿಸುವ ಗರಜೇ ಇಲ್ಲ, ನೈಜೀರಿಯಾ ಜೋಳ ಬೆಳೆಯುವುದರಲ್ಲಿ ಜಗತ್ತಿನ ಮುಂಚೂಣಿಯ ದೇಶ. ಅಲ್ಲಿ ಗಿನಿ ಕಾರ್ನ್ ಅನ್ನುತ್ತಾರೆ. ಸಂತೆಯಲ್ಲಿ ಬಿಳಿ ಜೋಳ ನೋಡಿ ತಗೊಳ್ಳಬೇಕು, ಕೆಂಪು ಜೋಳದ ರೊಟ್ಟಿ ಒಗರು. ತೊಗರಿ ಬ್ಯಾಳಿ ಮಾತ್ರ ಇಲ್ಲಿಂದಲೇ ಒಯ್ಯಲಿ.

ವಾಡಿ ಜಂಕ್ಷನ್:
ಹಂಗಿದ್ರ ಸಣ್ಣ ಗಿರಣಿ ಒಂದು ಕ್ಯಾಂಪಿಗಿ ಹಾಕಿಸಬಹುದು ಏನ್ರಿ? ಮನಿಯಾಗ ಇಡೋ 1 ಎಚ್‌ಪಿ ಗಿರಣಿ. ಅಲ್ಲಿನ ಕರೆಂಟಿಗಿ ನಡೀತದ?

ಸೇಡಂ ರೋಡ್:
ನಡೀತದ. ಅಲ್ಲಿ 50 ಹರ್ಟ್ಸೇ, ವೋಲ್ಟೇಜೂ ನಮ್ಮಷ್ಟೇ. ಪ್ಲಗ್ ಮಾತ್ರ ಬ್ಯಾರೆ, ಮೂರು ಚಪ್ಪಟ ಕಡ್ಡಿದು, ಅದನ್ನ ಅಲ್ಲೇ ಬದಲಿ ಮಾಡಿಸ್ರಿ. ಲೈನ್ ಕರೆಂಟ್ ಮ್ಯಾಲ ಓಡಿಸಬ್ಯಾಡ್ರಿ, ಏರಿಳಿತ ಭಾಳ, ಮೋಟರ್ ಸುಡ್ತದ. ಜನರೇಟರ್ ಲೈನಿಗಿ ಹಾಕ್ರಿ. ಹಾಕೋ ಮುಂದ ಎಸಿ ಒಂದೆರಡು ಬಂದ್ ಮಾಡ್ರಿ, ಚಾಲೂ ಆಗೋ ಹೊತ್ತಿನಾಗ ಮೋಟರ್ ಐದಾರು ಪಟ್ಟು ಕರೆಂಟ್ ಎಳೀತದ. ಎರಡು ಜೋಡಿ ಬೇರಿಂಗು, ಒಂದು ಕೆಪಾಸಿಟರ್, ಜೋಳದ ಜಾಲರಿ ಎರಡು ಇಲ್ಲಿಂದಲೇ ಪೆಟ್ಟಿಗ್ಯಾಗ ಹಾಕಿ ಕಳಸ್ರಿ.